ವೆನಿಯರ್ ಹಾಕಿಸಬೇಕಾ? ಹಲ್ಲು ತೇಯಿಸುವ ಮೊದಲು ನೋಡಿಕೊಳ್ಳಬೇಕಾದ್ದು

ಇತ್ತೀಚೆಗೆ ಓದುಗರಿಂದ ಬರುವ ಪ್ರಶ್ನೆಗಳಲ್ಲಿ ಇದೊಂದು ನಿಲ್ಲುವ ಹಾಗೆ ಕಾಣುತ್ತಿಲ್ಲ. "ಹಲ್ಲು ಕಂದು ಬಣ್ಣಕ್ಕಿದೆ, ವೆನಿಯರ್ ಹಾಕಿಸಿದರೆ ಸರಿಹೋಗುತ್ತಾ?" "ಮದುವೆ ನಿಶ್ಚಯ ಆಗಿದೆ, ಎಷ್ಟು ಖರ್ಚಾಗುತ್ತೆ?" "ಎಂಟು ಹಲ್ಲಿಗೆ ಹಾಕಿಸಿ ಅಂದರು, ಅಷ್ಟೂ ಬೇಕಾ?" ಮೈಸೂರಿನವರೂ ಕೇಳುತ್ತಾರೆ, ಮಂಡ್ಯ, ಮದ್ದೂರು, ನಾಗಮಂಗಲದವರೂ ಕೇಳುತ್ತಾರೆ. ಒಬ್ಬೊಬ್ಬರಿಗೇ ಉತ್ತರ ಬರೆಯುವ ಬದಲು ಎಲ್ಲವನ್ನೂ ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಹೀಗೆ ಕೇಳುವವರಲ್ಲಿ ಸುಮಾರು ಜನಕ್ಕೆ ವೆನಿಯರ್ ಬೇಕಾಗಿಲ್ಲ, ಅದಕ್ಕಿಂತ ಚಿಕ್ಕ ಕೆಲಸವೇ ಸಾಕು. ವೆನಿಯರ್ ಕೆಟ್ಟದ್ದು ಅಂತಲ್ಲ. ಬೇಕಾದವರಿಗೆ ಸರಿಯಾಗಿ ಮಾಡಿದರೆ ಚೆನ್ನಾಗಿಯೇ ಇರುತ್ತದೆ. ಆದರೆ ಅದು ಪಟ್ಟಿಯ ಕೊನೆಯಲ್ಲಿ ಇರಬೇಕಾದ್ದು, ಈಗ ಎಲ್ಲರೂ ಮೊದಲೇ ಅದನ್ನು ಕೇಳುತ್ತಿದ್ದಾರೆ.

ವೆನಿಯರ್ ಅಂದರೆ ಹಲ್ಲಿನ ಮುಂಭಾಗಕ್ಕೆ ಮಾತ್ರ ಅಂಟಿಸುವ ತೆಳು ಚಿಪ್ಪು. ದಪ್ಪ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು, ಹೆಚ್ಚುಕಮ್ಮಿ ನಮ್ಮ ಬೆರಳಿನ ಉಗುರಿನಷ್ಟು. ಅದು ಕೂರಲು ಜಾಗ ಬೇಕಲ್ಲ, ಅದಕ್ಕೆ ಹಲ್ಲಿನ ಮೇಲ್ಪದರವನ್ನು ಸುಮಾರು ಅಷ್ಟೇ ದಪ್ಪಕ್ಕೆ ತೇಯುತ್ತಾರೆ. ಈ ಮೇಲ್ಪದರದ ಹೆಸರು ಎನಾಮೆಲ್. ದೇಹದಲ್ಲೇ ಅತಿ ಗಟ್ಟಿಯಾದ ವಸ್ತು ಅದು, ಆದರೆ ಒಮ್ಮೆ ಹೋದರೆ ಮತ್ತೆ ಬೆಳೆಯುವುದಿಲ್ಲ. ಒಸಡಿನ ಹತ್ತಿರವಂತೂ ಅದು ತುಂಬಾ ತೆಳು. ಹಾಗಾಗಿ ಇವತ್ತು ತೇದ ಹಲ್ಲಿಗೆ ಮುಂದೆ ಜೀವನಪೂರ್ತಿ ಏನಾದರೂ ಹೊದಿಕೆ ಬೇಕೇ ಬೇಕು. 25ನೇ ವಯಸ್ಸಿನಲ್ಲಿ ಹಾಕಿಸಿದರೆ 40ರ ಹೊತ್ತಿಗೆ ಒಮ್ಮೆ, 55ರ ಹೊತ್ತಿಗೆ ಇನ್ನೊಮ್ಮೆ ಬದಲಾಯಿಸಬೇಕಾಗಬಹುದು. ಮುಂದಿನದ್ದನ್ನೆಲ್ಲ ಈ ಲೆಕ್ಕ ತಲೆಯಲ್ಲಿ ಇಟ್ಟುಕೊಂಡೇ ಓದಿ.

1. ನಿಮ್ಮ ಹಲ್ಲಿಗೆ ಆಗಿರುವುದೇನು, ಮೊದಲು ಅದನ್ನು ತಿಳಿದುಕೊಳ್ಳಿ

"ಹಲ್ಲು ಚೆನ್ನಾಗಿಲ್ಲ" ಅನ್ನುವುದು ದೂರು ಅಷ್ಟೇ. ಕಾರಣ ಗೊತ್ತಾಗದೆ ಚಿಕಿತ್ಸೆ ಆರಿಸಬೇಡಿ.

ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಕಿಟಕಿ ಪಕ್ಕ ಕನ್ನಡಿ ಹಿಡಿದು ನಿಲ್ಲಿ. ಬಾತ್‌ರೂಮಿನ ಟ್ಯೂಬ್‌ಲೈಟ್ ಬೇಡ, ಬಿಸಿಲಿನ ಬೆಳಕೇ ಬೇಕು. ತುಟಿ ಎತ್ತಿ ಹಿಡಿದು, ಮುಂದಿನ ಹಲ್ಲುಗಳನ್ನು ಹತ್ತಿಯಿಂದ ಒರೆಸಿ ಅರ್ಧ ನಿಮಿಷ ಒಣಗಲು ಬಿಡಿ. ಒದ್ದೆ ಇದ್ದಾಗ ಕಾಣದ ಬಿಳಿ ಮಚ್ಚೆ, ಗೆರೆಗಳು ಒಣಗಿದಾಗ ಎದ್ದು ಕಾಣುತ್ತವೆ.

ಈಗ ಗಮನಿಸಿ. ಎಡಗಡೆ ಹಲ್ಲಿನಲ್ಲಿ ಇರುವ ಹಾಗೆಯೇ ಬಲಗಡೆಯ ಜೋಡಿ ಹಲ್ಲಿನಲ್ಲೂ ಇದೆಯಾ? ಅಡ್ಡಡ್ಡ ಬಿಳಿ ಗೆರೆಗಳು, ಸುಣ್ಣ ಬಳಿದಂತೆ ಹೊಳಪಿಲ್ಲದ ಜಾಗ, ಮಧ್ಯದಲ್ಲಿ ಕಂದು ಪಟ್ಟಿ ಇದ್ದರೆ ಅದು ಫ್ಲೋರೋಸಿಸ್ ಇರುವ ಸಾಧ್ಯತೆ ಜಾಸ್ತಿ. ಅಂದರೆ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿ ಹಲ್ಲಿನ ಮೇಲೆ ಬಂದ ಕಲೆ. ನಮ್ಮ ಕಡೆ ಇದನ್ನೇ ಮೊದಲು ಅನುಮಾನಿಸಬೇಕು. ಮಂಡ್ಯ ಜಿಲ್ಲೆಯಲ್ಲಿ ನಾಲೆ ನೀರು ಹರಿಯುವ ಊರುಗಳ ಕಥೆ ಬೇರೆ, ನಾಗಮಂಗಲದ ಕಡೆ ಬೋರ್‌ವೆಲ್ ನಂಬಿಕೊಂಡು ಬೆಳೆದವರ ಕಥೆ ಬೇರೆ. ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ದಾಟಬಾರದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ಸಹಿಸಬಹುದು ಅನ್ನುವುದು ಭಾರತೀಯ ಮಾನದಂಡ. ಆಳದ ಬೋರ್‌ವೆಲ್‌ಗಳಲ್ಲಿ ಇದು ದಾಟುವುದುಂಟು.

ಇಲ್ಲಿ ಎರಡು ತಪ್ಪು ತಿಳಿವಳಿಕೆ ಇವೆ. ಒಂದು, "ಈಗಲೂ ಅದೇ ನೀರು ಕುಡಿಯುತ್ತಿದ್ದೇನೆ, ಅದಕ್ಕೆ ಕಲೆ ಜಾಸ್ತಿ ಆಗುತ್ತಿದೆ" ಅನ್ನುವುದು. ಹಲ್ಲಿನ ಫ್ಲೋರೋಸಿಸ್ ಆಗುವುದು ಹಲ್ಲು ಒಸಡಿನ ಒಳಗೆ ರೂಪ ತಾಳುವ ವಯಸ್ಸಿನಲ್ಲಿ, ಹೆಚ್ಚುಕಮ್ಮಿ ಎಂಟು ವರ್ಷದೊಳಗೆ. ದೊಡ್ಡವರಾದ ಮೇಲೆ ಕುಡಿದ ನೀರಿನಿಂದ ಮುಂದಿನ ಹಲ್ಲಿಗೆ ಹೊಸ ಫ್ಲೋರೋಸಿಸ್ ಕಲೆ ಬರುವುದಿಲ್ಲ. ಮೂಳೆಗೆ ತೊಂದರೆ ಆಗಬಹುದು, ಅದು ಬೇರೆ ವಿಷಯ. ಇನ್ನೊಂದು, "ಕಾಯಿಸಿ ಕುಡಿದರೆ ಆಯ್ತು" ಅನ್ನುವುದು. ಕಾಯಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಉಳಿದುಕೊಳ್ಳುತ್ತದೆ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ನಿಮ್ಮ ವೆನಿಯರ್ ಯೋಚನೆಗಿಂತ ಮೊದಲು ನೀರು ಪರೀಕ್ಷೆ ಮಾಡಿಸಿ. ಆರ್‌ಒ ಫಿಲ್ಟರ್ ಫ್ಲೋರೈಡನ್ನು ಬಹುಪಾಲು ತೆಗೆಯುತ್ತದೆ.

ಕಲೆ ಫ್ಲೋರೋಸಿಸ್‌ನದೇ ಆಗಬೇಕು ಅಂತೇನಿಲ್ಲ. ಹಲ್ಲಿನ ಸಂದಿಯಲ್ಲಿ, ಒಸಡಿನ ಅಂಚಿನಲ್ಲಿ, ಹಿಂಭಾಗದಲ್ಲಿ ಕಪ್ಪಗೆ ಕೂತಿದ್ದರೆ ಅದು ಎಲೆ ಅಡಿಕೆ, ಬೀಡಿ ಸಿಗರೇಟು, ಕಾಫಿಯಿಂದ ಬಂದ ಹೊರಗಿನ ಕಲೆ. ಸ್ಕೇಲಿಂಗ್, ಅಂದರೆ ಯಂತ್ರದಿಂದ ಹಲ್ಲು ಕ್ಲೀನ್ ಮಾಡುವುದು, ಮತ್ತು ಪಾಲಿಶ್ ಮಾಡಿದರೆ ಹೋಗುತ್ತದೆ. ಇದಕ್ಕೆ ವೆನಿಯರ್ ಹಾಕಿಸುವುದು ಸುಮ್ನೆ ದುಡ್ಡು ಸುರಿದ ಹಾಗೆ. ಒಂದೇ ಒಂದು ಹಲ್ಲು ಬೂದು ಬಣ್ಣಕ್ಕೆ ತಿರುಗಿದ್ದರೆ ಹಿಂದೆ ಯಾವತ್ತೋ ಬಿದ್ದು ಪೆಟ್ಟಾಗಿ ಒಳಗಿನ ನರ ಸತ್ತಿರಬಹುದು. ಅದಕ್ಕೆ ಎಕ್ಸ್‌ರೇ ತೆಗೆಸಿ, ಬೇಕಿದ್ದರೆ ರೂಟ್ ಕೆನಾಲ್ ಮಾಡಿ, ಹಲ್ಲಿನ ಒಳಗಿನಿಂದಲೇ ಬ್ಲೀಚ್ ಮಾಡುವ ವಿಧಾನ ಇದೆ. ಎಲ್ಲ ಹಲ್ಲಿನಲ್ಲೂ ಬೂದು ಅಥವಾ ನೀಲಿ ಛಾಯೆಯ ಪಟ್ಟಿಗಳಿದ್ದರೆ ಚಿಕ್ಕಂದಿನಲ್ಲಿ ಟೆಟ್ರಾಸೈಕ್ಲಿನ್ ಅನ್ನುವ ಆಂಟಿಬಯಾಟಿಕ್ ಕೊಟ್ಟಿದ್ದರಾ ಅಂತ ಅಮ್ಮನನ್ನು ಕೇಳಿ. ಅದು ಹಲ್ಲಿನ ಒಳಪದರದಲ್ಲೇ ಕೂತ ಬಣ್ಣ, ಸುಲಭಕ್ಕೆ ಹೋಗುವುದಿಲ್ಲ. ವೆನಿಯರ್ ನಿಜವಾಗಿ ಉಪಯೋಗಕ್ಕೆ ಬರುವ ಜಾಗಗಳಲ್ಲಿ ಇದೂ ಒಂದು.

ಬಣ್ಣ ಸರಿಯಿದ್ದು ಆಕಾರ ಅಥವಾ ಸಾಲು ತೊಂದರೆಯಾ? ಸೊಟ್ಟಗಿರುವ, ಉಬ್ಬಿರುವ ಹಲ್ಲಿಗೆ ಕ್ಲಿಪ್ ಅಥವಾ ಅಲೈನರ್ ಹಾಕಿಸಿ ಸಾಲಿಗೆ ತರುವುದೇ ಸರಿಯಾದ ದಾರಿ. ಒಂದೂವರೆ ವರ್ಷ ಕಾಯಲು ಆಗದೆ ಉಬ್ಬು ಹಲ್ಲನ್ನು ತೇದು ಚಪ್ಪಟೆ ಮಾಡಿಸಿಕೊಂಡರೆ ಕಳೆದುಕೊಳ್ಳುವುದು ಒಳ್ಳೆಯ, ಗಟ್ಟಿ ಹಲ್ಲನ್ನು.

2. ನೀವು ವೆನಿಯರ್‌ಗೆ ಸರಿಹೊಂದುತ್ತೀರಾ, ನೋಡಿ

ಈ ಕೆಳಗಿನವುಗಳಲ್ಲಿ ಒಂದಿದ್ದರೂ ಮೊದಲು ಅದನ್ನು ಸರಿಮಾಡಿಕೊಳ್ಳಬೇಕು, ಇಲ್ಲವೇ ಆಸೆ ಬಿಡಬೇಕು.

ಹಲ್ಲುಜ್ಜುವಾಗ ರಕ್ತ ಬರುತ್ತದೆ ಅಂದರೆ ಒಸಡು ಊದಿದೆ ಅಂತ ಅರ್ಥ. ಊದಿದ ಒಸಡಿನ ಅಳತೆ ತೆಗೆದು ವೆನಿಯರ್ ಮಾಡಿದರೆ, ಊತ ಇಳಿದ ಮೇಲೆ ಅಂಚು ಬಯಲಾಗುತ್ತದೆ. ರಕ್ತದ ನಡುವೆ ಅಂಟು ಕೂಡ ಸರಿಯಾಗಿ ಹಿಡಿಯುವುದಿಲ್ಲ. ಹುಳುಕು ಇದ್ದರೂ ಅಷ್ಟೇ, ಮೊದಲು ಅದನ್ನು ತುಂಬಿಸಬೇಕು.

ರಾತ್ರಿ ನಿದ್ದೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ. ನಿಮಗೇ ಗೊತ್ತಿರುವುದಿಲ್ಲ, ಪಕ್ಕದಲ್ಲಿ ಮಲಗುವವರನ್ನು ಕೇಳಿ. ಬೆಳಿಗ್ಗೆ ಎದ್ದಾಗ ದವಡೆ ನೋವು, ಕೋರೆಹಲ್ಲಿನ ತುದಿ ಸವೆದು ಚಪ್ಪಟೆ ಆಗಿರುವುದು ಇದರ ಗುರುತು. ಇಂಥವರಿಗೆ ಹಾಕಿದ ವೆನಿಯರ್ ಬೇಗ ಚೂರಾಗುತ್ತದೆ. ಹಾಕಿಸಲೇಬೇಕಾದರೆ ರಾತ್ರಿ ನೈಟ್ ಗಾರ್ಡ್, ಅಂದರೆ ಹಲ್ಲಿನ ಮೇಲೆ ಕೂರುವ ಪ್ಲಾಸ್ಟಿಕ್ ಕವಚ, ಖಾಯಂ ಹಾಕಿಕೊಳ್ಳಬೇಕು.

ವಯಸ್ಸು 18 ಆಗಿಲ್ಲದಿದ್ದರೆ ಬೇಡ. ಎಳೆಯ ಹಲ್ಲಿನಲ್ಲಿ ನರದ ಕೋಣೆ ದೊಡ್ಡದಿರುತ್ತದೆ, ಒಸಡೂ ಇನ್ನೂ ತನ್ನ ಜಾಗಕ್ಕೆ ಬಂದಿರುವುದಿಲ್ಲ. ಬಸುರಿಯಾಗಿದ್ದರೆ ಹೆರಿಗೆ ಆಗುವ ತನಕ ಕಾಯಿರಿ, ಅವಸರದ ಕೆಲಸವೇನಲ್ಲ.

ಇನ್ನು ಬಾಯಿಯ ಚಟಗಳು. ನಮ್ಮೂರಲ್ಲಿ ಇದನ್ನು ಬಿಡಿಸಿ ಹೇಳಲೇಬೇಕು. ಕಬ್ಬು ತಿನ್ನುವಾಗ ಏನಾಗುತ್ತದೆ ನೋಡಿ. ಗಿಣ್ಣಿನ ಹತ್ತಿರ ಸಿಪ್ಪೆಯನ್ನು ಮುಂದಿನ ಹಲ್ಲು ಅಥವಾ ಕೋರೆಹಲ್ಲಿಗೆ ಸಿಕ್ಕಿಸಿ ಕತ್ತು ತಿರುಗಿಸಿ ಸರ್ರನೆ ಎಳೆಯುತ್ತೇವೆ. ಆ ಎಳೆತ ಹಲ್ಲಿನ ಅಂಚಿಗೆ ಓರೆಯಾಗಿ ಬೀಳುತ್ತದೆ, ಚಿಪ್ಪನ್ನು ಮೀಟಿ ಎಬ್ಬಿಸುವುದಕ್ಕೆ ಹೇಳಿ ಮಾಡಿಸಿದ ಹಾಗೆ. ಸಂಕ್ರಾಂತಿಯಲ್ಲಿ ಕಬ್ಬನ್ನು ಚಾಕುವಿನಲ್ಲಿ ಹೆಚ್ಚಿ ಹಿಂದಿನ ಹಲ್ಲಿನಲ್ಲಿ ಅಗಿಯುತ್ತೇನೆ ಅಂತ ಒಪ್ಪಿಕೊಂಡರೆ ಮಾತ್ರ ಮುಂದುವರಿಯಿರಿ. ನಾಟಿಕೋಳಿ ಮೂಳೆ ಕಡಿಯುವುದು, ಸೋಡಾ ಮುಚ್ಚಳ ಹಲ್ಲಿನಲ್ಲಿ ತೆಗೆಯುವುದು, ದಾರ ಕತ್ತರಿಸುವುದು, ಪಿನ್ನು ಕಚ್ಚಿಕೊಳ್ಳುವುದು ಎಲ್ಲವೂ ಹೀಗೆಯೇ. ಮುದ್ದೆಗೆ ಏನೂ ತೊಂದರೆ ಇಲ್ಲ, ಅದನ್ನು ನುಂಗುತ್ತೇವೆ ಅಲ್ವಾ!

3. ಚಿಕ್ಕದರಿಂದ ಶುರು ಮಾಡಿ

ಮೊದಲು ಸ್ಕೇಲಿಂಗ್ ಮತ್ತು ಪಾಲಿಶ್ ಮಾಡಿಸಿ, ಎರಡು ವಾರ ಬಿಟ್ಟು ಮತ್ತೆ ಕಿಟಕಿ ಪಕ್ಕ ನಿಂತು ನೋಡಿ. ಇಷ್ಟಕ್ಕೇ ಸಮಾಧಾನ ಆಗುವವರು ಕಡಿಮೆ ಏನಿಲ್ಲ. "ಸ್ಕೇಲಿಂಗ್ ಮಾಡಿಸಿದರೆ ಹಲ್ಲು ಸಡಿಲ ಆಗುತ್ತದೆ" ಅನ್ನುವ ಮಾತು ನಂಬಬೇಡಿ. ಪಾಚಿ ಗಟ್ಟಿಯಾಗಿ ಹಿಡಿದಿದ್ದ ಜಾಗ ಖಾಲಿಯಾದಾಗ ಹಾಗೆ ಅನ್ನಿಸುತ್ತದೆ ಅಷ್ಟೇ.

ಒಟ್ಟಾರೆ ಹಳದಿ ಇದ್ದರೆ ಬ್ಲೀಚಿಂಗ್. ಎರಡು ಬಗೆ ಇದೆ. ಕ್ಲಿನಿಕ್ಕಿನಲ್ಲಿ ಒಂದೇ ದಿನ ಗಾಢವಾದ ಜೆಲ್ ಹಚ್ಚಿ ಮಾಡುವುದು ಒಂದು. ನಿಮ್ಮ ಹಲ್ಲಿನ ಅಳತೆಗೆ ಟ್ರೇ, ಅಂದರೆ ಹಲ್ಲಿನ ಮೇಲೆ ಕೂರುವ ತೆಳು ಪ್ಲಾಸ್ಟಿಕ್ ಅಚ್ಚು, ಮಾಡಿಸಿ, ಮನೆಯಲ್ಲಿ ರಾತ್ರಿ ಹೊತ್ತು 10 ಪರ್ಸೆಂಟ್ ಆಸುಪಾಸಿನ ಕಾರ್ಬಮೈಡ್ ಪೆರಾಕ್ಸೈಡ್ ಜೆಲ್ ಹಾಕಿಕೊಂಡು ಎರಡು ಮೂರು ವಾರ ಮಾಡುವುದು ಇನ್ನೊಂದು. ನನ್ನನ್ನು ಕೇಳಿದರೆ ಎರಡನೆಯದು. ನಿಧಾನ, ಆದರೆ ಜುಮ್ ಅನ್ನುವುದು ಕಡಿಮೆ, ಜಾಸ್ತಿ ಅನ್ನಿಸಿದರೆ ನಿಲ್ಲಿಸಿಬಿಡಬಹುದು. ಬ್ಲೀಚಿಂಗ್‌ನಿಂದ ಹಳೆಯ ಕ್ಯಾಪ್, ಸಿಮೆಂಟ್ ತುಂಬಿಸಿದ ಜಾಗದ ಬಣ್ಣ ಬದಲಾಗುವುದಿಲ್ಲ, ಇದು ನೆನಪಿರಲಿ. ಬ್ಯೂಟಿ ಪಾರ್ಲರ್‌ನಲ್ಲಿ ಬ್ಲೀಚಿಂಗ್ ಖಂಡಿತ ಬೇಡ. ಆ ಜೆಲ್ ಒಸಡನ್ನು ಸುಡುತ್ತದೆ. ಬಿರುಕು ಬಿಟ್ಟ, ಹುಳುಕಾದ ಹಲ್ಲಿನೊಳಗೆ ಇಳಿದರೆ ಆ ನೋವು ಅನುಭವಿಸಿದವರಿಗೇ ಗೊತ್ತು.

ಫ್ಲೋರೋಸಿಸ್ ಕಲೆಗೆ ಬರೀ ಬ್ಲೀಚಿಂಗ್ ಸಾಕಾಗುವುದಿಲ್ಲ. ಕಂದು ಬಣ್ಣ ತಿಳಿಯಾಗಬಹುದು, ಬಿಳಿ ಮಚ್ಚೆ ಮೊದಮೊದಲು ಇನ್ನೂ ಬೆಳ್ಳಗೆ ಕಾಣಬಹುದು. ಇಲ್ಲಿ ಕೇಳಬೇಕಾದ ಹೆಸರು ಮೈಕ್ರೋಅಬ್ರೇಷನ್. ಸೌಮ್ಯ ಆಸಿಡ್ ಮತ್ತು ನುಣುಪು ಪುಡಿ ಸೇರಿದ ಪೇಸ್ಟನ್ನು ಡಾಕ್ಟರು ಹಲ್ಲಿನ ಮೇಲೆ ತಿಕ್ಕಿ, ಕಲೆ ಇರುವ ಮೇಲಿನ ತೆಳು ಪೊರೆಯನ್ನಷ್ಟೇ ತೆಗೆಯುತ್ತಾರೆ. ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ, ಎರಡು ಭಾಗ, ಅಷ್ಟೇ. ಮೇಲ್ಮೈಯಲ್ಲಿ ಇರುವ ಕಂದು ಕಲೆಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಬಿಳಿ ಮಚ್ಚೆಗೆ ರೆಸಿನ್ ಇನ್‌ಫಿಲ್ಟ್ರೇಷನ್ ಇದೆ. ಎನಾಮೆಲ್‌ನ ಸಣ್ಣ ರಂಧ್ರಗಳಿಗೆ ತೆಳ್ಳಗಿನ ರೆಸಿನ್, ಅಂದರೆ ಪ್ಲಾಸ್ಟಿಕ್ಕಿನಂಥ ದ್ರವ, ಇಳಿಸಿ ಬೆಳಕಿನಿಂದ ಗಟ್ಟಿ ಮಾಡುತ್ತಾರೆ, ಮಚ್ಚೆ ಸುತ್ತಲಿನ ಬಣ್ಣಕ್ಕೆ ಸೇರಿಕೊಳ್ಳುತ್ತದೆ. ಮೊದಲು ಮೈಕ್ರೋಅಬ್ರೇಷನ್, ಆಮೇಲೆ ಮನೆಯ ಬ್ಲೀಚಿಂಗ್, ಉಳಿದ ಮಚ್ಚೆಗೆ ಇನ್‌ಫಿಲ್ಟ್ರೇಷನ್ ಹೀಗೆ ಜೋಡಿಸಿಯೂ ಮಾಡುತ್ತಾರೆ. ಈ ಮೂರರ ಹೆಸರೂ ಎತ್ತದೆ ನೇರವಾಗಿ ವೆನಿಯರ್ ಮಾತಿಗೆ ಬರುವ ಕ್ಲಿನಿಕ್ ಇದ್ದರೆ ಎದ್ದು ಬನ್ನಿ.

ಎನಾಮೆಲ್ ಗುಳಿಗುಳಿಯಾಗಿ ಉದುರುತ್ತಿರುವ ತೀವ್ರ ಫ್ಲೋರೋಸಿಸ್‌ಗೆ ಇವು ಸಾಲವು. ಅಲ್ಲಿ ವೆನಿಯರ್ ಸರಿಯಾದ ಮಾತೇ. ಆದರೆ ಫ್ಲೋರೋಸಿಸ್ ಇರುವ ಎನಾಮೆಲ್‌ಗೆ ಅಂಟು ಅಷ್ಟು ಸುಲಭಕ್ಕೆ ಹಿಡಿಯುವುದಿಲ್ಲ. ಡಾಕ್ಟರಿಗೆ ಇಂಥ ಹಲ್ಲುಗಳ ಮೇಲೆ ಕೆಲಸ ಮಾಡಿ ಅಭ್ಯಾಸ ಇದೆಯಾ ಅಂತ ವಿಚಾರಿಸಿ.

ಹಲ್ಲಿನ ಮೂಲೆ ಮುರಿದಿದೆ, ನಡುವೆ ಸಣ್ಣ ಸಂದು ಇದೆ ಅಂದರೆ ಬಾಂಡಿಂಗ್ ಸಾಕು. ಹಲ್ಲಿನ ಬಣ್ಣದ ಕಾಂಪೋಸಿಟ್ ಪೇಸ್ಟನ್ನು ಆ ಜಾಗಕ್ಕೆ ಮಾತ್ರ ಹಚ್ಚಿ ಆಕಾರ ಕೊಡುವುದು ಅದು. ಹೆಚ್ಚಿನ ಸಲ ಹಲ್ಲು ತೇಯಬೇಕಾಗಿಯೇ ಇಲ್ಲ, ಬೇಡ ಅನ್ನಿಸಿದರೆ ತೆಗೆಸಬಹುದು.

4. ವೆನಿಯರೇ ಬೇಕು ಅಂತಾದರೆ ಯಾವುದು?

ಕಾಂಪೋಸಿಟ್ ವೆನಿಯರನ್ನು ಡಾಕ್ಟರು ಬಾಯಲ್ಲೇ ಪದರ ಪದರವಾಗಿ ಕಟ್ಟುತ್ತಾರೆ. ಒಂದೆರಡು ಸಲ ಹೋದರೆ ಕೆಲಸ ಮುಗಿಯುತ್ತದೆ. ಖರ್ಚು ಕಡಿಮೆ, ಚೂರಾದರೆ ಅಲ್ಲೇ ರಿಪೇರಿ ಆಗುತ್ತದೆ. ತೊಂದರೆ ಅಂದರೆ ಕಾಫಿ, ಅರಿಶಿನ, ಎಲೆ ಅಡಿಕೆಯ ಬಣ್ಣ ಹಿಡಿಯುತ್ತದೆ, ಹೊಳಪು ಮಾಸುತ್ತದೆ, ಆಗಾಗ ಪಾಲಿಶ್ ಬೇಕು. ಸಾಮಾನ್ಯವಾಗಿ ಐದರಿಂದ ಏಳು ವರ್ಷ ಬಾಳಿಕೆ ಅಂದುಕೊಳ್ಳಿ.

ಸಿರಾಮಿಕ್ ವೆನಿಯರ್ ಲ್ಯಾಬಿನಲ್ಲಿ ತಯಾರಾಗಿ ಬರುತ್ತದೆ. ಪೋರ್ಸಲಿನ್ ಅಂತಲೂ ಹೇಳುತ್ತಾರೆ. ಈಗ ಹೆಚ್ಚಾಗಿ ಬಳಸುವುದು ಲಿಥಿಯಂ ಡೈಸಿಲಿಕೇಟ್ ಅನ್ನುವ ಗಟ್ಟಿ ಗಾಜಿನಂಥ ವಸ್ತು, ಕ್ಲಿನಿಕ್‌ಗಳಲ್ಲಿ ಇ-ಮ್ಯಾಕ್ಸ್ ಅಂತ ಬ್ರ್ಯಾಂಡ್ ಹೆಸರಿನಿಂದಲೇ ಕರೆಯುತ್ತಾರೆ. ಇದು ಬಣ್ಣ ಹಿಡಿಯುವುದಿಲ್ಲ, ಬೆಳಕು ಹಾಯುವ ಬಗೆಯೂ ಸಹಜ ಹಲ್ಲಿನ ಹಾಗೆಯೇ. ಚೆನ್ನಾಗಿ ಮಾಡಿ ಚೆನ್ನಾಗಿ ನೋಡಿಕೊಂಡರೆ 10ರಿಂದ 15 ವರ್ಷ ಬರುತ್ತದೆ. ಆದರೆ ಮುರಿದರೆ ಸಾಮಾನ್ಯವಾಗಿ ಇಡೀ ಚಿಪ್ಪನ್ನೇ ಬದಲಾಯಿಸಬೇಕು.

"ಹಲ್ಲು ತೇಯುವುದೇ ಇಲ್ಲ" ಅಂತ ಮಾರುವ ವೆನಿಯರ್ ಕೂಡ ಇದೆ. ಚಿಕ್ಕ ಹಲ್ಲು, ಸಂದು ಇರುವ ಹಲ್ಲಿಗೆ ಅದು ನಿಜಕ್ಕೂ ಸರಿ. ಮಾಮೂಲಿ ಗಾತ್ರದ ಹಲ್ಲಿಗೆ ಹಾಕಿದರೆ ತುಟಿ ಉಬ್ಬಿದಂತೆ ಕಾಣುತ್ತದೆ. ಗಾಢ ಕಲೆಯನ್ನು ಅಷ್ಟು ತೆಳು ಚಿಪ್ಪು ಮುಚ್ಚುವುದೂ ಇಲ್ಲ.

ಈಗ ಈ ಲೇಖನದಲ್ಲಿ ಒಂದೇ ಒಂದು ಎಚ್ಚರಿಕೆ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ: ವೆನಿಯರ್ ಹೆಸರಿನಲ್ಲಿ ಕ್ಯಾಪ್ ಹಾಕಿಸಿಕೊಳ್ಳಬೇಡಿ. ಕ್ಯಾಪ್ ಅಂದರೆ ಹಲ್ಲನ್ನು ಸುತ್ತಲೂ ತೇದು ಗೂಟದ ಹಾಗೆ ಮಾಡಿ ಮೇಲೆ ಟೊಪ್ಪಿಗೆ ಹಾಕುವುದು. ಅದರಲ್ಲಿ ಹಲ್ಲಿನ ಕಾಣುವ ಭಾಗದ ಅರ್ಧಕ್ಕಿಂತ ಜಾಸ್ತಿ ಹೋಗುತ್ತದೆ, ಮುಂದೆ ನರಕ್ಕೆ ಪೆಟ್ಟಾಗಿ ರೂಟ್ ಕೆನಾಲ್ ಬೇಕಾಗುವ ಸಾಧ್ಯತೆಯೂ ಹೆಚ್ಚು. ರೂಟ್ ಕೆನಾಲ್ ಆದ ಹಲ್ಲಿಗೆ, ತುಂಬಾ ಮುರಿದ ಹಲ್ಲಿಗೆ ಕ್ಯಾಪ್ ಸರಿ. ಗಟ್ಟಿಮುಟ್ಟಾದ ಹಲ್ಲಿಗೆ ಬರೀ ಅಂದಕ್ಕೆ ಕ್ಯಾಪ್ ಬೇಡ. "ಜಿರ್ಕೋನಿಯಾ ಹಾಕೋಣ, ವೆನಿಯರ್‌ಗಿಂತ ಗಟ್ಟಿ, ರೇಟೂ ಕಡಿಮೆ" ಅಂದಾಗ (ಜಿರ್ಕೋನಿಯಾ ಅಂದರೆ ತುಂಬಾ ಗಟ್ಟಿಯಾದ ಒಂದು ಬಗೆಯ ಸಿರಾಮಿಕ್) ತಕ್ಷಣ ಕೇಳಿ: "ಹಲ್ಲಿನ ಹಿಂಭಾಗವನ್ನೂ ತೇಯುತ್ತೀರಾ?" ಹೌದು ಅಂದರೆ ಅದು ಕ್ಯಾಪ್.

5. ಡಾಕ್ಟರನ್ನು ಆರಿಸುವುದು

ಬಿಡಿಎಸ್ ಆದ ಯಾವ ದಂತವೈದ್ಯರೂ ಕಾನೂನು ಪ್ರಕಾರ ವೆನಿಯರ್ ಹಾಕಬಹುದು. ಅನುಭವಿಗಳು ಚೆನ್ನಾಗಿಯೇ ಹಾಕುತ್ತಾರೆ. ಆದರೂ ಆರೆಂಟು ಹಲ್ಲಿನ ಕೆಲಸವಾದರೆ ಪ್ರಾಸ್ತೊಡಾಂಟಿಕ್ಸ್ ಅಥವಾ ಕನ್ಸರ್ವೇಟಿವ್ ಡೆಂಟಿಸ್ಟ್ರಿಯಲ್ಲಿ ಎಂಡಿಎಸ್ ಮಾಡಿದವರನ್ನು ಹುಡುಕಿ. ಮೊದಲನೆಯದು ಕೃತಕ ಹಲ್ಲು, ಕ್ಯಾಪ್, ವೆನಿಯರ್ ಓದಿದವರದ್ದು. ಎರಡನೆಯದು ಹಲ್ಲು ಉಳಿಸುವ ಚಿಕಿತ್ಸೆಯದ್ದು. ಗೋಡೆಯ ಮೇಲೆ ರಾಜ್ಯ ದಂತ ಮಂಡಳಿಯ ನೋಂದಣಿ, ಕೆಪಿಎಂಇ ನೋಂದಣಿ ಎರಡೂ ಇದೆಯಾ ನೋಡಿ. ಕೆಪಿಎಂಇ ಅಂದರೆ ಖಾಸಗಿ ಆಸ್ಪತ್ರೆ, ಕ್ಲಿನಿಕ್‌ಗಳ ಮೇಲಿನ ರಾಜ್ಯದ ಕಾಯ್ದೆ.

ಎರಡನೇ ಅಭಿಪ್ರಾಯಕ್ಕೆ ಮೈಸೂರಿನಲ್ಲಿ ಒಳ್ಳೆಯ ಅನುಕೂಲ ಇದೆ. ಜೆಎಸ್‌ಎಸ್ ಮತ್ತು ಫಾರೂಕಿಯಾ ಎರಡು ದಂತ ಕಾಲೇಜುಗಳು ಇಲ್ಲೇ ಇವೆ. ಕಾಲೇಜಿನ ಹೊರರೋಗಿ ವಿಭಾಗದಲ್ಲಿ ಬೇರೆ ಬೇರೆ ತಜ್ಞರು ಒಂದೇ ಕಟ್ಟಡದಲ್ಲಿ ಸಿಗುತ್ತಾರೆ. ಒಸಡಿನವರು, ಕ್ಲಿಪ್‌ನವರು, ವೆನಿಯರ್‌ನವರು ಮೂವರಿಗೂ ತೋರಿಸಿ "ನನಗೆ ಏನು ಬೇಕು" ಅಂತ ಕೇಳಬಹುದು. ಕೆಲಸ ಮಾಡುವವರು ಹೆಚ್ಚಾಗಿ ಸ್ನಾತಕೋತ್ತರ ವಿದ್ಯಾರ್ಥಿಗಳು, ಮೇಲೆ ಪ್ರೊಫೆಸರ್ ನಿಗಾ ಇರುತ್ತದೆ. ಸಮಯ ಜಾಸ್ತಿ ಹಿಡಿಯುತ್ತದೆ, ಅರ್ಧ ದಿನ ರಜೆ ಹಾಕಿಕೊಂಡೇ ಹೋಗಿ. ಮಂಡ್ಯದವರು ಹುಳುಕು, ಒಸಡಿನಂಥ ಮೊದಲ ಕೆಲಸಗಳಿಗೆ ಅಲ್ಲಿನ ಸರ್ಕಾರಿ ವೈದ್ಯಕೀಯ ಕಾಲೇಜು ಮಿಮ್ಸ್ ಆಸ್ಪತ್ರೆಯ ದಂತ ವಿಭಾಗದಲ್ಲೇ ತೋರಿಸಿಕೊಳ್ಳಬಹುದು.

ಬೆಂಗಳೂರಿನ ದೊಡ್ಡ ಕ್ಲಿನಿಕ್ಕೇ ಬೇಕು ಅನ್ನುವವರಿಗೆ ಒಂದು ಮಾತು. ವೆನಿಯರ್ ಒಮ್ಮೆ ಹಾಕಿಸಿ ಮರೆಯುವಂಥದ್ದಲ್ಲ. ಅಂಚು ಚುಚ್ಚುತ್ತದೆ, ಕಚ್ಚುವಾಗ ತಾಗುತ್ತದೆ ಅಂತ ಮೊದಲ ತಿಂಗಳಲ್ಲೇ ಓಡಾಟ ಇರುತ್ತದೆ. ಮಂಡ್ಯದಿಂದ ಒಂದು ಗಂಟೆಯಲ್ಲಿ ಮುಟ್ಟುವ ಮೈಸೂರಿನ ಡಾಕ್ಟರೇ ವಾಸಿ.

ಮೊದಲ ಭೇಟಿಯಲ್ಲಿ ಇವನ್ನು ಕೇಳಿ, ಉತ್ತರ ಬರೆದುಕೊಳ್ಳಿ: ಇದಕ್ಕಿಂತ ಕಡಿಮೆ ಚಿಕಿತ್ಸೆ ಯಾಕೆ ಸಾಲದು? ಎಷ್ಟು ತೇಯುತ್ತೀರಿ? ಯಾವ ವಸ್ತು, ಯಾವ ಲ್ಯಾಬ್? ನೀವೇ ಮಾಡಿದ, ಐದು ವರ್ಷ ದಾಟಿದ ಕೆಲಸದ ಫೋಟೋ ಇದೆಯಾ? ಹೊಸದಾಗಿ ಹಾಕಿದ್ದರ ಫೋಟೋ ಎಲ್ಲರ ಹತ್ತಿರವೂ ಇರುತ್ತದೆ, ಅದು ಲೆಕ್ಕಕ್ಕಿಲ್ಲ. "ಇವತ್ತೇ ಬುಕ್ ಮಾಡಿದರೆ ಡಿಸ್ಕೌಂಟ್" ಅಂದರೆ ಮನೆಗೆ ಹೋಗಿ ಯೋಚಿಸುತ್ತೇನೆ ಅನ್ನಿ.

6. ತೇಯುವ ಮೊದಲು ಮಾಕ್‌ಅಪ್ ಕೇಳಿ

ಮಾಕ್‌ಅಪ್ ಅಂದರೆ ಹಲ್ಲನ್ನು ಮುಟ್ಟದೆ, ಮೇಲೆ ತಾತ್ಕಾಲಿಕ ವಸ್ತು ಕೂರಿಸಿ ಮುಂದೆ ಹೇಗೆ ಕಾಣುತ್ತದೆ ಅಂತ ತೋರಿಸುವುದು. ಕಂಪ್ಯೂಟರಿನಲ್ಲಿ ಫೋಟೋ ತಿದ್ದಿ ತೋರಿಸುವುದು ಬೇರೆ, ಇದು ಬೇರೆ. ಬಾಯಲ್ಲೇ ನೋಡಬೇಕು. ಹಾಕಿಕೊಂಡು ಮಾತಾಡಿ, ನಗಿ, "ಫಲ", "ವಠಾರ", "ಸಾಸಿವೆ" ಅಂತೆಲ್ಲ ಹೇಳಿ ನೋಡಿ. ಹಲ್ಲು ಉದ್ದವಾದರೆ ಸಕಾರದಲ್ಲಿ ಸಿಳ್ಳೆ ಬರುತ್ತದೆ. ಮನೆಯವರಲ್ಲಿ ಮುಖದ ಮೇಲೆ ಹೊಡೆದ ಹಾಗೆ ಹೇಳುವವರೊಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ಎಷ್ಟು ಹಲ್ಲು ಅನ್ನುವುದೂ ಇಲ್ಲೇ ತೀರ್ಮಾನ ಆಗಬೇಕು. ಜೋರಾಗಿ ನಕ್ಕಾಗ ಕಾಣುವ ಹಲ್ಲುಗಳನ್ನು ಎಣಿಸಿ. ಕೆಲವರಿಗೆ ಆರು, ಕೆಲವರಿಗೆ ಹತ್ತು. ತೊಂದರೆ ಎರಡೇ ಹಲ್ಲಿನಲ್ಲಿದ್ದರೆ ಉಳಿದದ್ದನ್ನು ಬ್ಲೀಚ್ ಮಾಡಿ ಎರಡಕ್ಕೇ ವೆನಿಯರ್ ಹಾಕುವುದು ಸಾಧ್ಯ. ಬ್ಲೀಚಿಂಗ್ ಮಾಡಿಸುವುದಾದರೆ ವೆನಿಯರ್‌ಗಿಂತ ಮೊದಲೇ ಮಾಡಿಸಿ, ಮುಗಿದ ಮೇಲೆ ಎರಡು ವಾರ ಬಿಡಿ. ಬಣ್ಣ ನಿಲ್ಲಬೇಕು, ಜೊತೆಗೆ ಬ್ಲೀಚ್ ಆದ ತಕ್ಷಣ ಅಂಟು ಸರಿಯಾಗಿ ಹಿಡಿಯುವುದಿಲ್ಲ.

ಬಣ್ಣದ ವಿಷಯಕ್ಕೆ ಬಂದರೆ, ಡಾಕ್ಟರ ಹತ್ತಿರ ಶೇಡ್ ಗೈಡ್ ಅಂತ ಪುಟ್ಟ ಹಲ್ಲುಗಳ ಸಾಲು ಇರುತ್ತದೆ. ಎ1, ಎ2, ಬಿ1 ಹೀಗೆ. ಬಿಎಲ್ ಅಂತ ಶುರುವಾಗುವವು ಬ್ಲೀಚ್ ಬಣ್ಣಗಳು, ಸಹಜ ಹಲ್ಲಿನಲ್ಲಿ ಹುಟ್ಟಿನಿಂದ ಕಾಣದಷ್ಟು ಬಿಳಿ. ಎಲ್ಲರೂ ಮೊದಲು ಬೆರಳು ತೋರಿಸುವುದು ಅದಕ್ಕೇ. ನಮ್ಮ ಮೈಬಣ್ಣಕ್ಕೆ ಬಿಎಲ್ ಬಣ್ಣಗಳು ಹೆಚ್ಚಾಗಿ ಎದ್ದು ಹೊಡೆಯುತ್ತವೆ, ಕೆಳಗಿನ ಸಾಲಿನ ಸಹಜ ಹಲ್ಲುಗಳು ಅದರ ಪಕ್ಕ ಕೊಳೆಯಾಗಿ ಕಾಣುತ್ತವೆ. ಕಣ್ಣಿನ ಬಿಳಿ ಭಾಗಕ್ಕಿಂತ ಬೆಳ್ಳಗೆ ಬೇಡ. ಶೇಡ್ ನೋಡುವುದನ್ನು ಹಗಲು ಬೆಳಕಿನಲ್ಲೇ ಮಾಡಿ.

7. ದುಡ್ಡಿನ ಲೆಕ್ಕ

ರೇಟನ್ನು ಒಂದು ಹಲ್ಲಿಗೆ ಇಷ್ಟು ಅಂತ ಹೇಳುತ್ತಾರೆ. ಕೇಳುವಾಗ ಚಿಕ್ಕದಾಗಿ ಕೇಳುತ್ತದೆ. ಉದಾಹರಣೆಗೆ ಒಂದು ಹಲ್ಲಿಗೆ 10 ಸಾವಿರ ಅಂದುಕೊಳ್ಳಿ. ಎಂಟು ಹಲ್ಲಿಗೆ 80 ಸಾವಿರ. ಹದಿನೈದು ವರ್ಷಕ್ಕೆ ಮತ್ತೆ ಅಷ್ಟೇ, ಅದೂ ಆಗಿನ ರೇಟಿನಲ್ಲಿ. ಸ್ಕೇಲಿಂಗ್, ಎಕ್ಸ್‌ರೇ, ಮಾಕ್‌ಅಪ್, ತಾತ್ಕಾಲಿಕ ವೆನಿಯರ್, ನೈಟ್ ಗಾರ್ಡ್ ಇದರಲ್ಲಿ ಸೇರಿದೆಯಾ, ಬೇರೆಯಾ ಅಂತ ಬರಹದಲ್ಲಿ ತೆಗೆದುಕೊಳ್ಳಿ. ವಾರಂಟಿ ಅಂದರೆ ಯಾವುದಕ್ಕೆ ಅಂತ ಕೇಳಿ. ಲ್ಯಾಬಿನ ಕಾರ್ಡು ವಸ್ತುವಿಗೆ ಮಾತ್ರ ಇರುವುದುಂಟು, ಮತ್ತೆ ಹಾಕುವ ಕೂಲಿ ನಿಮ್ಮದೇ ಆಗಬಹುದು. ಅಂದಕ್ಕೆ ಮಾಡಿಸುವ ಹಲ್ಲಿನ ಕೆಲಸಕ್ಕೆ ಆರೋಗ್ಯ ವಿಮೆಯಲ್ಲಿ ಸಾಮಾನ್ಯವಾಗಿ ದುಡ್ಡು ಬರುವುದಿಲ್ಲ. ಇಎಂಐ ಮೇಲೆ ಹಾಕಿಸುವುದಾದರೆ ನಾನಂತೂ ಇನ್ನೊಂದು ವರ್ಷ ಕಾಯಿರಿ ಅಂತಲೇ ಹೇಳುವುದು.

8. ಕೆಲಸ ನಡೆಯುವ ಬಗೆ

ಸಿರಾಮಿಕ್ ಆದರೆ ಹೀಗೆ. ಒಂದು ದಿನ ಮರಗಟ್ಟುವ ಇಂಜೆಕ್ಷನ್ ಕೊಟ್ಟು ತೇದು, ಅಳತೆ ತೆಗೆದು, ತಾತ್ಕಾಲಿಕ ವೆನಿಯರ್ ಹಾಕಿ ಕಳಿಸುತ್ತಾರೆ. ಲ್ಯಾಬಿನಿಂದ ಬರಲು ಒಂದೆರಡು ವಾರ. ಈ ನಡುವೆ ತಣ್ಣೀರು ಜುಮ್ ಅನ್ನಿಸುವುದು ಸಹಜ, ತಾತ್ಕಾಲಿಕದ್ದು ಬಿದ್ದರೆ ಅದೇ ದಿನ ಹೋಗಿ ಹಾಕಿಸಿ. ಬಂದ ಮೇಲೆ ಮೊದಲು ಅಂಟಿಸದೆ ಇಟ್ಟು ತೋರಿಸುತ್ತಾರೆ. ಕುರ್ಚಿಯಿಂದ ಎದ್ದು ಕಿಟಕಿ ಹತ್ತಿರ ಹೋಗಿ ನೋಡಿ, ಸಂಕೋಚ ಬೇಡ. ಬಣ್ಣ, ಉದ್ದ ಸರಿಯಿಲ್ಲ ಅನ್ನಿಸಿದರೆ ಹೇಳುವ ಕೊನೆಯ ಅವಕಾಶ ಇದು. ಒಮ್ಮೆ ರೆಸಿನ್ ಸಿಮೆಂಟ್ ಹಾಕಿ ಲೈಟ್ ಹಿಡಿದರೆ ಆಮೇಲೆ ಕೆತ್ತಿಯೇ ತೆಗೆಯಬೇಕು.

ಮದುವೆಗೆ ಅಂತ ಮಾಡಿಸುವವರು ಕನಿಷ್ಠ ಮೂರು ತಿಂಗಳು ಮೊದಲು ಶುರು ಮಾಡಿ. ಶ್ರಾವಣದಲ್ಲಿ ಮುಹೂರ್ತ ಇಟ್ಟುಕೊಂಡು ಆಷಾಢದಲ್ಲಿ ಡಾಕ್ಟರ ಹತ್ತಿರ ಓಡಿದರೆ ಒಸಡು ವಾಸಿಯಾಗಲು, ಬ್ಲೀಚ್ ನಿಲ್ಲಲು, ಲ್ಯಾಬಿನ ತಪ್ಪು ತಿದ್ದಲು ಯಾವುದಕ್ಕೂ ಸಮಯ ಇರುವುದಿಲ್ಲ. ಅವಸರದಲ್ಲಿ ಡಾಕ್ಟರೂ ಕ್ಯಾಪ್ ಕಡೆಗೆ ವಾಲುತ್ತಾರೆ.

9. ಹಾಕಿಸಿದ ಮೇಲೆ

ವೆನಿಯರ್ ಹುಳುಕಾಗುವುದಿಲ್ಲ, ಅದರ ಅಂಚಿನಲ್ಲಿರುವ ನಿಮ್ಮ ಹಲ್ಲು ಹುಳುಕಾಗುತ್ತದೆ. ಮೆತ್ತನೆ ಬ್ರಷ್, ಎರಡು ಹೊತ್ತು, ಜೊತೆಗೆ ರಾತ್ರಿ ಫ್ಲಾಸ್ ಮಾಡಿ. ಫ್ಲಾಸ್ ಅಂದರೆ ಹಲ್ಲಿನ ಸಂದಿಯಲ್ಲಿ ಹಾಯಿಸುವ ಮೇಣದ ದಾರ. ಇದ್ದಿಲು ಪೇಸ್ಟ್, ಉಪ್ಪು, ಹಲ್ಲಿನ ಪುಡಿ ಬೇಡ, ಹೊಳಪು ಗೀರಿ ಹೋಗುತ್ತದೆ. ಕಾಂಪೋಸಿಟ್ ಹಾಕಿಸಿದವರು ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಶನ್ನು ಡಾಕ್ಟರು ಹೇಳದೆ ತಿಂಗಳುಗಟ್ಟಲೆ ಬಳಸಬೇಡಿ, ಕಂದು ಕಲೆ ಕೂರುತ್ತದೆ. ಸೀಬೆಕಾಯಿ, ಚಕ್ಕುಲಿ, ನಿಪ್ಪಟ್ಟು ಮುಂದಿನ ಹಲ್ಲಿನಲ್ಲಿ ಕಚ್ಚದೆ ಮುರಿದು ತಿನ್ನಿ. ಆರು ತಿಂಗಳಿಗೊಮ್ಮೆ ತೋರಿಸಿ, ಸ್ಕೇಲಿಂಗ್ ಮಾಡುವವರಿಗೆ ವೆನಿಯರ್ ಇದೆ ಅಂತ ಮೊದಲೇ ಹೇಳಿ.

ಯಾವತ್ತಾದರೂ ಚಿಪ್ಪು ಕಳಚಿ ಕೈಗೆ ಬಂದರೆ ಗಾಬರಿ ಬೇಡ. ತೊಳೆದು, ಸಣ್ಣ ಡಬ್ಬಿಯಲ್ಲಿ ಹತ್ತಿ ಮೇಲೆ ಇಟ್ಟುಕೊಳ್ಳಿ. ಒಡೆಯದೆ ಇದ್ದರೆ ಅದನ್ನೇ ಮತ್ತೆ ಅಂಟಿಸಲು ಆಗುತ್ತದೆ. ಮನೆಯಲ್ಲಿರುವ ಫೆವಿಕ್ವಿಕ್ ಮಾತ್ರ ಹಾಕಬೇಡಿ. ಒಸಡು ಸುಡುತ್ತದೆ, ಸೊಟ್ಟ ಕೂತರೆ ಕೆತ್ತಿ ತೆಗೆಯುವಾಗ ಚಿಪ್ಪೂ ಹೋಗುತ್ತದೆ, ಉಳಿದಿರುವ ಎನಾಮೆಲ್ಲೂ ಹೋಗುತ್ತದೆ. ಡಬ್ಬಿ ಹಿಡಿದುಕೊಂಡು ಹಾಕಿದ ಡಾಕ್ಟರ ಹತ್ತಿರವೇ ಹೋಗಿ, ಅಲ್ಲಿಯ ತನಕ ಆ ಹಲ್ಲಿನಲ್ಲಿ ಕಚ್ಚಬೇಡಿ.